ನಿಮಿಷಕ್ಕೆ ಎಂಟು ಹನಿ

ವಾರ್ಡಿನ ಬಾಗಿಲನ್ನು ಯಾರೋ ಒಮ್ಮೆ ಮಾತ್ರ ಬಡಿದರು. ರತ್ನಪ್ರಭಾ ತೆರೆದಾಗ ಹೊಸ್ತಿಲಾಚೆ ಶ್ರೇಯಸ್ ನಿಂತಿದ್ದ. ತಿರುಗಿ ಓಡಿದ. ಅವಳೂ ಹಿಂದೆಯೇ ಓಡಿದಳು.

2006ರ ಫೆಬ್ರವರಿ, ದೇಶದ ರಾಜಧಾನಿಯ ಮಯೂರ್ ವಿಹಾರ ಬಡಾವಣೆಯ ಇಪ್ಪತ್ತು ಹಾಸಿಗೆಗಳ ಒಂದು ನರ್ಸಿಂಗ್ ಹೋಮ್. ಗಂಟೆ ರಾತ್ರಿ ಎರಡೂ ನಲವತ್ತು. ಬೀದರಿನ ರತ್ನಪ್ರಭಾ ಹೆರಿಗೆಯ ವಿಶೇಷ ತರಬೇತಿ ಪಡೆದ ಮಿಡ್‌ವೈಫ್. ತೊಡಕಿಲ್ಲದ ಹೆರಿಗೆಗಳನ್ನು ಆಸ್ಪತ್ರೆಯ ಒಡತಿ ಡಾಕ್ಟರ್ ಭಾಟಿಯಾ ಆರು ತಿಂಗಳ ಪ್ರಯೋಗವೆಂದು ಅವಳಿಗೆ ಒಪ್ಪಿಸಿದ್ದರು. ಒಂದು ಮಗುವಿಗೆ ಹಾನಿಯಾದರೂ ಪ್ರಯೋಗ ಅಂದೇ ಮುಗಿಯುತ್ತದೆಂದು ಎಚ್ಚರಿಸಿಯೂ ಇದ್ದರು. ಐದು ತಿಂಗಳು ಕಳೆದಿತ್ತು. ಹಾನಿಯಾಗಿರಲಿಲ್ಲ.

ಹೆರಿಗೆ ಕೋಣೆಯಲ್ಲಿ ಶ್ರೇಯಸನ ಹೆಂಡತಿ ಧಾರಿಣಿ ಹಾಸಿಗೆಯ ಕಂಬಿ ಹಿಡಿದು ಬಿಲ್ಲಿನಂತೆ ಬಾಗಿದ್ದಳು. ರತ್ನಪ್ರಭಾ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಕಲ್ಲು. ನೋವಿಗೂ ನೋವಿಗೂ ನಡುವೆ ಇರಬೇಕಾದ ಬಿಡುವು ಇರಲಿಲ್ಲ. ತಲೆಯೆತ್ತಿ ನೋಡಿದಳು. ನೋವು ಬರಿಸುವ ಔಷಧಿ ಬೆರೆಸಿದ ಡ್ರಿಪ್ ಹನಿಹನಿಯಾಗಿ ಅಲ್ಲ, ದಾರದಂತೆ ಇಳಿಯುತ್ತಿತ್ತು.

ಎರಡೂವರೆಗೆ, ಪಕ್ಕದ ವಾರ್ಡಿನ ಬಾಣಂತಿಯನ್ನು ನೋಡಲು ಹೋಗುವ ಮೊದಲು, ಗಡಿಯಾರ ಹಿಡಿದು ಎಣಿಸಿದ್ದಳು: ನಿಮಿಷಕ್ಕೆ ಎಂಟು ಹನಿ. ಹೆರಿಗೆಯ ಹಾಳೆಯಲ್ಲಿ ಬರೆದೂ ಇದ್ದಳು.

ಹನಿಯ ವೇಗ ಹಿಡಿದಿಡುವ ನಳಿಕೆಯ ಪುಟ್ಟ ಚಕ್ರವನ್ನು ತಿರುಗಿಸಿ ಪೂರ್ತಿ ಮುಚ್ಚಿದಳು. "ಎಡಕ್ಕೆ ಹೊರಳಿ, ಧಾರಿಣಿ. ಶ್ರೇಯಸ್, ಬೆನ್ನಿಗೆ ಕೈ ಕೊಡಿ." ಆಮ್ಲಜನಕದ ಮುಖವಾಡ ತೊಡಿಸಿ, ಡಾಪ್ಲರ್ ಯಂತ್ರವನ್ನು ಹೊಟ್ಟೆಗೆ ಒತ್ತಿದಳು. ನಿಮಿಷಕ್ಕೆ ನೂರ ನಲವತ್ತು ಬಡಿಯಬೇಕಿದ್ದ ಮಗುವಿನ ಎದೆ ಎಂಬತ್ತಕ್ಕೆ ಇಳಿದಿತ್ತು.

"ಡಾಕ್ಟರನ್ನು ಎಬ್ಬಿಸಿ. ಮೇಲಿನ ಮಹಡಿ. ಓಡಿ!"

ಎಪ್ಪತ್ತಾರು. ಎಂಬತ್ತೆರಡು. ಮತ್ತೆ ಎಪ್ಪತ್ತೆಂಟು.

ಬಾಗಿಲಲ್ಲಿ ಧಾರಿಣಿಯ ಅತ್ತೆ ಇಂದಿರಾ, ಕೈಯಲ್ಲಿ ಮೊಬೈಲ್ ಹಿಡಿದೇ ಕಾಣಿಸಿಕೊಂಡರು. "ಆಯಿತೇನಮ್ಮಾ? ಮೂರೂ ಹದಿನೈದರ ತನಕ ಪುಷ್ಯ. ಆಮೇಲೆ ಆಶ್ಲೇಷಾ ಹಿಡಿಯುತ್ತೆ. ಹೆಣ್ಣಾದರೆ ಮುಂದೆ ಯಾವ ಮನೆಯವರು ಒಪ್ಪುತ್ತಾರೆ? ಅತ್ತೆಗೆ ಆಗದ ನಕ್ಷತ್ರ!"

"ಅಮ್ಮಾವರೇ, ಹೊರಗಿರಿ."

"ಸಂಜೆಯಿಂದ ಬೇಡಿಕೊಳ್ತಿದೀನಿ, ಡ್ರಿಪ್ ಸ್ವಲ್ಪ ಜೋರಾಗಿ ಬಿಡಿ ಅಂತ. ನಿಮಗೆ ನಮ್ಮ ಶಾಸ್ತ್ರ ಅಂದರೆ ತಮಾಷೆ."

"ಹೊರಗೆ!"

ಮುಖವಾಡದ ಮೇಲಿನಿಂದ ಧಾರಿಣಿಯ ಕಣ್ಣು ಗಡಿಯಾರದ ಮೇಲೆ ನೆಟ್ಟಿತ್ತು. ಹೊಟ್ಟೆ ನಿಧಾನವಾಗಿ ಸಡಿಲಿತು. ತೊಂಬತ್ತಾರು. ನೂರ ಹತ್ತು. ಡಾಕ್ಟರ್ ಭಾಟಿಯಾ ಶಾಲು ಹೊದ್ದು ಒಳಬಂದಾಗ ನೂರ ಮೂವತ್ತು.

ಮಗು ಹುಟ್ಟಿದ್ದು ಮೂರೂ ನಲವತ್ತಕ್ಕೆ. ಹೆಣ್ಣು. ಮೊದಲ ಅರೆ ನಿಮಿಷ ಅಳಲಿಲ್ಲ. ರತ್ನಪ್ರಭಾ ಬೆನ್ನುಜ್ಜಿದ ಮೇಲೆ ಕೋಣೆ ನಡುಗುವಂತೆ ಅತ್ತಿತು. ಇಂದಿರಾ ಮೊಬೈಲಿನ ಗಂಟೆ ನೋಡಿದರು, ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತರು.

ಡಾಕ್ಟರ್ ಭಾಟಿಯಾ ಹಾಳೆಯನ್ನು ಎರಡು ಸಲ ಓದಿದರು. "ಅಚ್ಛಾ, ಎಂಟು ಹನಿ ಎಂದು ಬರೆದಿದ್ದೀಯ. ನೀನು ಎಣಿಸಿದ್ದು ತಪ್ಪೋ, ಯಾರಾದರೂ ಚಕ್ರ ತಿರುಗಿಸಿದರೋ?"

"ಎಣಿಕೆ ತಪ್ಪಿಲ್ಲ."

"ಹಾಗಾದರೆ ಹೆಸರು ಬೇಕು. ಎಂಟು ಗಂಟೆಗೆ ವರದಿ ನನ್ನ ಮೇಜಿನ ಮೇಲಿರಲಿ. ಹೆಸರಿನ ಜಾಗ ಖಾಲಿಯಿದ್ದರೆ ನಿನ್ನದನ್ನು ನಾನೇ ತುಂಬುತ್ತೇನೆ. ಪ್ರಯೋಗವೂ ಅಲ್ಲಿಗೆ ಮುಗಿಯುತ್ತದೆ."

ರತ್ನಪ್ರಭಾ ಮೊದಲು ಬೆಂಚಿನ ಬಳಿಗೆ ಹೋದಳು.

"ನನ್ನ ತಲೆಗೆ ಕಟ್ಟಬೇಡಿ," ಎಂದು ಇಂದಿರಾ ಮೊಬೈಲನ್ನೇ ಮುಂದೆ ಚಾಚಿದರು. "ಮೈಸೂರಿನ ಜೋಯಿಸರ ಹತ್ತಿರ ಮಾತಾಡ್ತಿದ್ದೆ. ಒಳಗೆ ಸಿಗ್ನಲ್ ಇಲ್ಲ, ಗೇಟಿನ ಹತ್ತಿರ ನಿಂತಿದ್ದೆ. ನೋಡಿ, ಎರಡೂ ಇಪ್ಪತ್ತೈದಕ್ಕೆ ಹಚ್ಚಿದ್ದು." ಆ ಒಂದು ಕರೆ ಹದಿನೆಂಟು ನಿಮಿಷ ನಡೆದಿತ್ತು.

ಶ್ರೇಯಸ್ ಓಖ್ಲಾದ ಮುದ್ರಣ ಸಂಸ್ಥೆಯೊಂದರ ಇಂಜಿನಿಯರ್. "ಚಹಾ ತರಲು ಹೋಗಿದ್ದೆ," ಎಂದ. ಕಣ್ಣು ತಪ್ಪಿಸಿದ.

"ಈ ಹೊತ್ತಿನಲ್ಲಿ ಚಹಾ ಎಲ್ಲಿ?"

ಉತ್ತರ ಬಂದದ್ದು ಗೇಟಿನ ಕಾವಲುಗಾರನಿಂದ. "ಸಿಸ್ಟರ್ ಜೀ, ಭಯ್ಯಾ ನನ್ನ ಪಕ್ಕದಲ್ಲೇ ಬೀಡಿ ಸೇದುತ್ತಿದ್ದರು. ಅಮ್ಮಾಜಿಗೆ ಕಾಣದ ಹಾಗೆ ಕಂಬದ ಹಿಂದೆ. ಕೂಗು ಕೇಳಿ ಒಳಗೆ ಓಡಿದರು."

ಶ್ರೇಯಸನ ಕಿವಿ ಕೆಂಪಾಯಿತು. "ಅಮ್ಮನಿಗೆ ಹೇಳಬೇಡಿ, ಪ್ಲೀಸ್."

ಆರೂವರೆಗೆ ರತ್ನಪ್ರಭಾ ವರದಿಯ ಹಾಳೆ ಹಿಡಿದು ಧಾರಿಣಿಯ ಕೋಣೆಗೆ ಬಂದಳು. ಮಗು ಎದೆಗಂಟಿ ನಿದ್ರಿಸುತ್ತಿತ್ತು. ಗರ್ಭಿಣಿಗೆ ಎಲ್ಲವನ್ನೂ ವಿವರಿಸಿಯೇ ಮಾಡುವುದು ರತ್ನಪ್ರಭಾಳ ಪದ್ಧತಿ. ಸಂಜೆ ಹೆರಿಗೆ ಮಂಚದ ಪಕ್ಕ ನಿಂತು ಧಾರಿಣಿಗೆ ಹೇಳಿದ್ದಳು: ಈ ಚಕ್ರ ಮೇಲಕ್ಕೆ ತಿರುಗಿದರೆ ನೋವು ಬೇಗ, ಕೆಳಕ್ಕೆ ತಿರುಗಿದರೆ ನಿಧಾನ. ಬೇಗವಾದರೆ ಮಗುವಿಗೆ ಉಸಿರು ಸಿಗದೆಂಬ ಉಳಿದರ್ಧವನ್ನು, ಹೆದರಿಸಬಾರದೆಂದು, ನುಂಗಿಕೊಂಡಿದ್ದಳು.

"ತಪ್ಪು ನನ್ನದೂ ಇದೆ," ಎಂದಳು. "ಅರ್ಧ ಮಾತ್ರ ಹೇಳಿದೆ."

ಧಾರಿಣಿ ಮಗುವಿನ ನೆತ್ತಿ ಸವರಿದಳು.

"ಸಿಸ್ಟರ್, ನನ್ನ ಜಾತಕ ಸುಳ್ಳು. ನಾನು ಹುಟ್ಟಿದ್ದೂ ಆಶ್ಲೇಷಾದಲ್ಲೇ. ಹನ್ನೊಂದು ಮನೆಯವರು ಬಂದು, ಉಪ್ಪಿಟ್ಟು ತಿಂದು, ನಕ್ಷತ್ರ ಕೇಳಿ ಎದ್ದುಹೋದರು. ಹನ್ನೆರಡನೆಯವರಿಗೆ ಅಪ್ಪ ಹುಟ್ಟಿದ ವೇಳೆಯನ್ನೇ ತಿದ್ದಿಸಿ ತೋರಿಸಿದರು. ಅತ್ತೆಗೆ ಮೊಣಕಾಲು ನೋವು ಬಂದರೂ ನನಗೆ ನಡುಕ. ಇಷ್ಟು ಓದಿ, ಯೂನಿವರ್ಸಿಟಿಯಲ್ಲಿ ಪಾಠ ಮಾಡಿ, ನಂಬುವುದಿಲ್ಲ ಅನ್ನುತ್ತಲೇ ನಡುಗುತ್ತೇನೆ. ಇವಳ ಮುಂದೆ ಹನ್ನೊಂದು ಮನೆಯವರು ಕೂರಬಾರದು ಅನ್ನಿಸಿತು. ಉಸಿರು ಸಿಗಲ್ಲ ಅಂತ ಗೊತ್ತಿದ್ದರೆ..."

"ಈ ಹಾಳೆಯನ್ನು ನಿಮ್ಮ ಮನೆಯವರೂ ಓದಬಹುದು," ಎಂದಳು ರತ್ನಪ್ರಭಾ. ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. "ಖಾಲಿ ಬಿಟ್ಟರೆ ಡಾಕ್ಟರ್ ನನ್ನ ಹೆಸರು ತುಂಬುತ್ತಾರೆ, ನಾನು ಹೆರಿಗೆ ಮಾಡಿಸುವುದು ಅಲ್ಲಿಗೆ ನಿಲ್ಲುತ್ತದೆ. ಅಷ್ಟೇ."

"ಆಮೇಲೆ ಬರುವ ಬಸುರಿಯರಿಗೆ ನೀವು ಇರುವುದಿಲ್ಲ."

"ಇರುವುದಿಲ್ಲ."

ಹೊರಗೆ ಇಂದಿರಾರ ಚಪ್ಪಲಿಯ ಸದ್ದು ಬಾಗಿಲಿಗೆ ಬಂದು ನಿಂತಿತು. ಧಾರಿಣಿ ದನಿ ತಗ್ಗಿಸಲಿಲ್ಲ.

"ಬರೆಯಿರಿ ಸಿಸ್ಟರ್: ಚಕ್ರ ತಿರುಗಿಸಿದವಳು ಧಾರಿಣಿ."