ಕೆಳಗಿನ ಹಾಸಿಗೆ

ಆಗಷ್ಟೇ ಕೊಯ್ದ ಪ್ಲೈವುಡ್ಡಿನ ವಾಸನೆ ಬೆಚ್ಚಗೆ ಮೂಗಿಗೆ ಬಡಿಯಿತು, ಮೈತೆ ತಲೆ ಬಗ್ಗಿಸಿ ಮಾದರಿ ಗೂಡಿನೊಳಗೆ ಹೊಕ್ಕಳು, ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ಗೂಡು, ಓಡುವಾಗ ಮುಚ್ಚಿದ ಪೆಟ್ಟಿಗೆ, ನಿಂತಾಗ ಸೂರು ಎತ್ತಿದರೆ ಮನೆ — ಎರಡೂ ಅಂಗೈ ಸೂರಿಗೆ ಕೊಟ್ಟು ದೂಡಿದಳು, ಮೂವತ್ತು ವರ್ಷ ಎಲ್ಕೋ ಊರಿನ ದನದ ಡಾಕ್ಟರ ಜೊತೆ ನಿಂತು ಕರು ಎಳೆದ ತೋಳು, ಮೊದಲು ಒಲ್ಲೆ ಎಂದಿತು, ಆಮೇಲೆ ಎತ್ತಿತು, ಸುತ್ತಲೂ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಂಡು ಬೆಳಕು ತುಂಬಿತು. ಮೋಟಾರ್ ಹಾಕಿಕೊಡ್ತೀನಿ ಮೇಡಂ, ಗುಂಡಿ ಒತ್ತಿದ್ರೆ ತಾನೇ ಏಳುತ್ತೆ, ಅಂದ ಆರಿನ್, ಈ ಶೆಡ್ಡಿನ ಯಜಮಾನ. ಜನವಿಲ್ಲದ ಆ ಒವೈಹೀ ಬಯಲಲ್ಲಿ ಅದು ಕೆಟ್ರೆ ಯಾವ ಗುಂಡಿ ಒತ್ತಲಿ, ನಿಂದಾ, ಬೇಡಪ್ಪ, ಕೈಯಲ್ಲೇ ಎತ್ತೋದು ಸಾಕು, ಅಂದಳು. ಫ್ರಿಜ್ಜು? ಬೇಡ. ಸ್ನಾನಕ್ಕೆ? ಹೊಳೆ ಇದೆ. ಬೇಡ ಬೇಡ ಎನ್ನುವುದು ಎಷ್ಟು ಸುಲಭ, ಬೇಕಾದದ್ದು ಒಂದೇ, ಅದನ್ನು ಹೇಳುವುದು ಮಾತ್ರ ಕಷ್ಟ — ಈ ಗೂಡುಗಳಲ್ಲಿ ಹಾಸಿಗೆ ಡ್ರೈವರನ ತಲೆಯ ಮೇಲಿನ ಅಟ್ಟದಲ್ಲಿರುತ್ತದೆ, ಹತ್ತಬೇಕು, ಗಂಡ ಡೆಲ್ ಇನ್ನು ಹತ್ತಲಾರ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ಬಂದು ನಾಲ್ಕು ವರ್ಷ, ಆದ್ದರಿಂದ ಎಡಗೋಡೆಗೆ ಒಂದು ತಗ್ಗು ಹಾಸಿಗೆ, ಹಿಡಿದು ಏಳಲು ಎರಡು ಹಿಡಿಕೆ, ದಿಂಬಿನ ಮಟ್ಟಕ್ಕೇ ಕಿಟಕಿ, ಮಲಗಿದವನು ಕತ್ತೆತ್ತದೆ ಬೆಟ್ಟ ನೋಡಬೇಕು. ದೊಡ್ಡ ಟ್ರೇಲರ್ ತಗೊಂಡು ಡಾಂಬರು ಬಿಟ್ಟು ಇಳೀದೆ ಇರಿ, ಅವನ ಕೈಕಾಲು ನೋಡಿದ್ದೀಯಾ ನೀನು, ಅಂದಿದ್ದಳು ನಾದಿನಿ ಕೊರಿನ್. ನೋಡದೆ ಏನು, ದಿನಾ ಅವನ ಅಂಗಿ ಗುಂಡಿ ಹಾಕೋಳು ನಾನೇ. ಡಾಂಬರಂತೆ, ಆ ಮಣ್ಣು ದಾರಿಗಳನ್ನೆಲ್ಲ ಕೌಂಟಿ ಕೆಲಸದಲ್ಲಿ ಗ್ರೇಡರ್ ಯಂತ್ರ ಓಡಿಸಿ ಮಟ್ಟ ಮಾಡಿದವನೇ ಅವನು, ಯಾವ ತಿರುವಿನಲ್ಲಿ ಕಲ್ಲು ಏಳುತ್ತದೆ, ಯಾವ ಹಳ್ಳ ಮೇ ತಿಂಗಳವರೆಗೂ ಕೆಸರು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ, ಇಬ್ಬರೂ ಟ್ರಕ್ಕಿನ ಹಿಂದೆ ಟಾರ್ಪಾಲು ಹಾಸಿ ಎಷ್ಟು ಬೇಸಿಗೆ ಕಳೆದೆವು, ಸೇಜ್ ಗಿಡದ ಘಾಟು ಕೂದಲಿಗೆಲ್ಲ ಹತ್ತಿ —

ಒಂದು ಮಾತು, ಅಂದ ಆರಿನ್, ನೆಲ ನೋಡುತ್ತಿದ್ದಾನೆ, ಕೆಳಗಿನ ಹಾಸಿಗೆ ನಿಜವಾಗ್ಲೂ ಮಾಡ್ಲಾ, ಸೋಮವಾರ ನಿಮ್ಮ ಯಜಮಾನ್ರು ಫೋನ್ ಮಾಡಿದ್ರು, ಒಬ್ಬರಿಗೆ ಸಾಕಾಗೋ ಹಾಗೆ ಮಾಡು, ನಾನು ಹೋಗಲ್ಲ, ಅವಳಿಗೆ ಹೇಳ್ಬೇಡ ಅಂದ್ರು. ಸೋಮವಾರ. ಅವಳು ಮಾತ್ರೆ ತರಲು ಹೋಗಿದ್ದ ಅರ್ಧ ಗಂಟೆ. ಆ ಬೆರಳುಗಳಲ್ಲಿ ನಂಬರು ಒತ್ತಿದ್ದಾನೆ, ಎಷ್ಟು ಸಲ ತಪ್ಪಿತೋ, ಎಷ್ಟು ಸಲ ಮೊದಲಿಂದ ಒತ್ತಿದನೋ, ಅಷ್ಟು ಕಷ್ಟಪಟ್ಟು ಈ ಗೂಡಿನಿಂದ ತನ್ನನ್ನು ತಾನೇ ಕಿತ್ತುಹಾಕಿಕೊಂಡಿದ್ದಾನೆ, ಅಳು ಬರಬೇಕಿತ್ತು, ಬಂದದ್ದು ಸಿಟ್ಟು, ಒಳ್ಳೆಯ ಬಿಸಿ ಸಿಟ್ಟು, ಕಾಲುಗಳು ಆಗಲೇ ಅಂಗಳ ದಾಟಿದ್ದವು, ಡೆಲ್ ಕಾಯುತ್ತ ಕೂತಿದ್ದ ಟ್ರಕ್ಕಿನ ಬಾಗಿಲು ತೆಗೆದಳು, ಅವನು ಅವಳ ಮುಖ ನೋಡಿದ, ಅರ್ಥವಾಯಿತು. ಹೇಳ್ಬಿಟ್ನಾ ಅವನು, ಅಂದ. ಇಳಿ, ಅಂದಳು. ಬಿದ್ರೆ ಯಾರು ಎತ್ತೋದು ಮೈತೆ, ಹತ್ತಿರದ ಮನೆ ಅರವತ್ತು ಮೈಲಿ. ನಾನು. ನಿಂಗೂ ಅರವತ್ತಾಯ್ತು ಕಣೆ. ಅಷ್ಟು ಕರು ಎತ್ತಿಲ್ವಾ ನಾನು? ನಾನೇನು ಕರುನಾ? ಅಲ್ಲ, ಮುದಿ ಹೋರಿ, ಇಳಿ. ನಗಲಿಲ್ಲ ಅವನು, ಬಾಯಿಯ ಒಂದು ತುದಿ ಮಾತ್ರ ಅಲುಗಿತು, ಅದು ರೋಗವೋ ನಗುವೋ ಈಗೀಗ ತಿಳಿಯುವುದಿಲ್ಲ, ನೀನಾದ್ರೂ ಹೋಗು ಅಂತ ಹಾಗೆ ಹೇಳ್ದೆ, ಅಂದ. ನೀನಿಲ್ದೆ ಅಲ್ಲಿ ನಾನು ಯಾರ ಜೊತೆ ಜಗಳ ಆಡ್ಲಿ. ತೋಳು ಕೊಟ್ಟಳು, ಅವನು ಹಿಡಿದ, ಅಂಗಳ ದಾಟಲು ಎಷ್ಟು ಹೊತ್ತು, ಒಂದೊಂದೇ ಹೆಜ್ಜೆ, ಅವಸರ ಬೇಡ, ಯಾರಿಗೂ ಇಲ್ಲಿ ರೈಲು ತಪ್ಪುವುದಿಲ್ಲ.

ಆರಿನ್ ಎರಡು ತಗ್ಗು ಮಣೆ ಇಟ್ಟು ಮೇಲೆ ಹಲಗೆ ಹಾಕಿದ, ಮಾದರಿ ಹಾಸಿಗೆ. ಡೆಲ್ ಕೂತ, ಗೋಡೆಯ ಕಂಬಿ ತಡಕಿ ಹಿಡಿದ, ಸೊಂಟ, ಬೆನ್ನು, ಕೊನೆಗೆ ತಲೆ, ಮಲಗಿದ, ಕ್ಯಾನ್ವಾಸಿನ ಕಡೆ ನೋಡುತ್ತಿದ್ದಾನೆ, ಈಗ ಏಳುತ್ತಾನೆ, ಬೇಡ ಎನ್ನುತ್ತಾನೆ, ಎನ್ನಲಿ, ನಾಳೆ ಮತ್ತೆ ಕರೆತರುತ್ತೇನೆ, ನಾಡಿದ್ದೂ — ಆರಿಂಚು ಗಿಡ್ಡ ಆಯ್ತು ಕಣಯ್ಯ, ಅಂದ ಡೆಲ್, ಕಾಲು ಆಚೆ ಹೋಗ್ತಿದೆ. ಆ ಜಾಗದಲ್ಲಿ ಸ್ಟವ್ ಬರುತ್ತಲ್ಲ ಸರ್. ಸ್ಟವ್ ತೆಗಿ, ಅವಳು ಹೇಗೂ ಹೊರಗೆ ಬೆಂಕಿ ಹಾಕೇ ಎಲ್ಲಾ ಸುಟ್ಟುಹಾಕೋದು. ಆರಿನ್ ಇನ್ನೊಂದು ಹಲಗೆ ತುಂಡು ತಂದು ಜೋಡಿಸಿದ, ಅಳತೆ ಗುರುತು ಹಾಕಲು ಪೆನ್ಸಿಲ್ ಅವಳ ಕೈಗೆ ಕೊಟ್ಟ, ಮೈತೆ ಮೊಣಕಾಲೂರಿ ಬೂಟಿನ ಹಿಮ್ಮಡಿಯ ಸುತ್ತ ಗೆರೆ ಎಳೆದಳು, ಹಿಮ್ಮಡಿ ನಡುಗಿತು, ಪೆನ್ಸಿಲ್ ಜಿಗಿಯಿತು, ಗೆರೆ ಡೊಂಕಾಯಿತು, ತಿದ್ದಲಿಲ್ಲ, ಬಿಳಿ ಮರದ ಮೇಲೆ ಆ ಡೊಂಕು ಗೆರೆ, ಅದರೊಳಗೆ ಅವನ ಹಿಮ್ಮಡಿ.