ರಾಣಿಯ ತಲೆಗೆ ಕರೆಂಟು

೧.
ಎಲ್ಲಿಂದ ಶುರುಮಾಡಲಿ? ಸಾಗರದ ವಿನಯಾ, ವೇಷವಿಲ್ಲದೆ ಬರೀ ಮಾತಿನಲ್ಲೇ ಪಾತ್ರವಾಗುವ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕೂತರೆ ಘಟಾನುಘಟಿಗಳಿಗೇ ನೀರು ಕುಡಿಸುತ್ತಿದ್ದರು ಎಂದೇ? ಹೋದ ವರ್ಷ ಸ್ಟ್ರೋಕ್ ಆಗಿ ‘ಚಮಚ’ ಎನ್ನುವುದಕ್ಕೂ ತಡಕಾಡಿದರು ಎಂದೇ? (ಮೊದಲ ಡ್ರಾಫ್ಟ್ ಆಸ್ಪತ್ರೆಯಲ್ಲಿ ಶುರುವಾಗಿತ್ತು. ಅಳು ಜಾಸ್ತಿಯಾಯಿತು, ಹರಿದೆ.)

೩.
(ಎರಡು ಇಲ್ಲ. ಅದರಲ್ಲಿ ನಾನು ಅವರನ್ನು ‘ಪಾಪ’ ಎಂದಿದ್ದೆ. ವಿನಯಾ ಒಪ್ಪಲಿಲ್ಲ.)

ಹೊಸನಗರದ ಸಮತಾ ಸಂಶೋಧಕಿ. ಸ್ಟ್ರೋಕ್ ಆಗಿ ಮಾತು ತಪ್ಪಿದವರ ತಲೆಗೆ ಒದ್ದೆ ಸ್ಪಾಂಜು ಕಟ್ಟಿ, ಅತಿ ಸಣ್ಣ ಕರೆಂಟು ಹರಿಸಿ, ಮಿದುಳಿನ ಅಲೆಗಳೂ ಮಾತೂ ಬದಲಾಗುತ್ತವೆಯೇ ಎಂದು ನೋಡುತ್ತಾಳೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಮೊದಲ ದಿನ ವಿನಯಾ ತಲೆತುಂಬ ಎಣ್ಣೆ ಹಚ್ಚಿಕೊಂಡು ಹೋದರು. ಒಂದು ತಂತಿಯೂ ನಿಲ್ಲಲಿಲ್ಲ.

“ಎಣ್ಣೆ ಬೇಡ ಅಂದಿದ್ನಲ್ಲ ಅಕ್ಕಾ?”

“ತಲೆ ಕೆದರ್ಕೊಂಡು ನಾಕು ಜನರ ಎದುರು... ಬರೋದೆಂತದೇ?”

ಅರ್ಧ ಜನರಿಗೆ ನಿಜವಾದ ಕರೆಂಟು. ಉಳಿದವರಿಗೆ ಯಂತ್ರ ಒಂದಿಷ್ಟು ಚುರುಗುಟ್ಟಿಸಿ ಸುಮ್ಮನಾಗುತ್ತದೆ. ಯಾರಿಗೆ ಯಾವುದೆಂದು ಸಮತಾಗೂ ಗೊತ್ತಿಲ್ಲ. ತನ್ನ ಆಸೆಯನ್ನೇ ನಂಬದ ಈ ಹುಡುಗಿಯನ್ನು ಕಂಡರೆ ನನಗೆ ಅಪಾರ ಗೌರವ. (ಕಥೆಗಾರರಿಗೆ ಆ ಬುದ್ಧಿ ಇಲ್ಲ.)

ಬರಬರುತ್ತ ಪರದೆಯ ಅಲೆಗಳು ಕೊಂಚ ಬದಲಾದವು, ಮಾತು ಸಲೀಸಾಯಿತು. ಕರೆಂಟಿನಿಂದಲೋ, ದಿನಾ ಬೆಳಿಗ್ಗೆ ಎಮ್ಮೆಯ ಮುಂದೆ ತಮ್ಮ ರಾಣಿ ಪಾತ್ರದ ಅರ್ಥ ಹೇಳಿದ್ದರಿಂದಲೋ? ಎಮ್ಮೆಯೂ ಬಾಯಿ ಬಿಡಲಿಲ್ಲ.

೪.
ತೀರ್ಥಹಳ್ಳಿಯಲ್ಲಿ ತಾಳಮದ್ದಳೆ. ಸಭೆ ತುಂಬಿದೆ. ಇವತ್ತು ಮಾತು ಕೈಕೊಟ್ಟರೆ ಇನ್ನೆಂದೂ ಅರ್ಥಕ್ಕೆ ಕೂರುವುದಿಲ್ಲ ಎಂದು ವಿನಯಾ ಹಟ ತೊಟ್ಟಿದ್ದಾರೆ. ರಾಜನಾದ ಕೃಷ್ಣಪ್ರಸಾದ್ ಗುಡುಗಿದರು: “ರಾಣೀ, ತುಂಬಿದ ಸಭೆಯಲ್ಲಿ ನಮ್ಮೆದುರು ಮಾತನಾಡುವ ಈ ಶಕ್ತಿಯನ್ನು ನಿನಗೆ ಕೊಟ್ಟವರಾರು?”

(ಈ ಪ್ರಶ್ನೆ ನಾನು ಬರೆದುಕೊಟ್ಟದ್ದಲ್ಲ.)

ವಿನಯಾ ಬಾಯಿ ತೆರೆದರು. ಮಾತಿಲ್ಲ.

ಅಂತ್ಯ ಅ: ಮಾತು ಧುಮ್ಮಿಕ್ಕಿತು. ಕರೆಂಟು ನಿಜವಾಗಿತ್ತು.

ಅಂತ್ಯ ಆ: ಮಾತು ಧುಮ್ಮಿಕ್ಕಿತು. ಕರೆಂಟು ಸುಳ್ಳಾಗಿತ್ತು, ಗೆದ್ದದ್ದು ಛಲ. (ಸಿನಿಮಾ ಆಯಿತು.)

ಅಂತ್ಯ ಇ ಬರೆಯಲು ನನಗೆ ಧೈರ್ಯವಿಲ್ಲ.

ಮಾತು ತಪ್ಪಿದವರ ಮಾನ ಉಳಿಸಲು ಭಾಗವತರು ಮುಂದಿನ ಹಾಡು ಎತ್ತಿಕೊಳ್ಳುವುದುಂಟು. ಅವರ ಕೈ ಆಗಲೇ ಜಾಗಟೆಗೆ ಹೋಗಿತ್ತು. ವಿನಯಾ ಕೈಯೆತ್ತಿ ತಡೆದರು. ನನಗೆ ತಡೆಯಲಾಗಲಿಲ್ಲ. ಒಂದು ಚಂದದ ವಾಕ್ಯ ಹೊಸೆದು ಅವರ ಬಾಯಿಗಿಡಲು ಹೋದೆ.

ಅವರು ನನ್ನ ಕಡೆ ತಿರುಗಿದರು. “ತಮಾ, ನೀ ಮಧ್ಯ ಬಾಯಿ ಹಾಕಡ. ಕರೆಂಟಿಂದೋ ಎಂತದೋ, ಯಂಗೆ ಗೊತ್ತಿಲ್ಲೆ. ತಡಿ, ಬತ್ತಾ ಇದ್ದು ಮಾತು.”

ಸಭೆಯಲ್ಲಿ ಒಬ್ಬರೂ ಎದ್ದಿಲ್ಲ. ನೀವೂ ಏಳಬೇಡಿ.