ಮೂಲೆಯ ಸರಳುಗಳು

ಆಫೀಸಿನಲ್ಲಿ ನನಗೊಂದು ಅಡ್ಡಹೆಸರಿದೆ: ವಾಪಸ್ ಮೇಡಂ. ನನ್ನ ಬೆನ್ನ ಹಿಂದೆ ಹಾಗೆ ಕರೆಯುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದೆ. ಅಣು ವಿದ್ಯುತ್ ಸ್ಥಾವರಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಕಚೇರಿ ನಮ್ಮದು. ಸ್ಥಾವರದಿಂದ ಬರುವ ಅಳತೆಯ ಫಾರಂಗಳಲ್ಲಿ ಒಂದೇ ಒಂದು ಮನೆ ಖಾಲಿ ಇದ್ದರೂ ಇಡೀ ಕಟ್ಟನ್ನು ವಾಪಸ್ ಕಳಿಸುವ ಪದ್ಧತಿ ಶುರುಮಾಡಿದವಳು ನಾನು. ಅದಕ್ಕೆ ಮುಂಚೆ ಅರ್ಧಂಬರ್ಧ ತುಂಬಿದ ಕಾಗದಗಳು ಬರುತ್ತಿದ್ದವು, ಮೇಲೆ ಚಹಾದ ಕಲೆ ಬೇರೆ. ನಾನು ಬಂದ ಮೇಲೆ ಮನೆಗಳೆಲ್ಲ ಭರ್ತಿಯಾಗಿ ಬರತೊಡಗಿದವು. ಅದನ್ನೇ ಶಿಸ್ತು ಎಂದುಕೊಂಡೆ.

ಆ ಸೋಮವಾರ ನನ್ನ ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಇಂಧನದ ಸರಳುಗಳನ್ನು ರಿಯಾಕ್ಟರಿನೊಳಗೆ ಹದಿನೆಂಟು ತಿಂಗಳ ಬದಲು ಇಪ್ಪತ್ತನಾಲ್ಕು ತಿಂಗಳು ಇಡಲು ಸ್ಥಾವರದವರು ಅನುಮತಿ ಕೇಳಿದ್ದರು. ಬೆರಳಿಗಿಂತ ತೆಳ್ಳಗಿನ, ಆಳುದ್ದಕ್ಕೂ ಮೀರಿದ ಲೋಹದ ಕೊಳವೆಗಳು ಅವು, ಚೌಕಾಕಾರದ ಕಂತೆಗಳಾಗಿ ಕಟ್ಟಿರುತ್ತಾರೆ. ಒಳಗೆ ಇಂಧನ, ಸುತ್ತ ಕುದಿಬಿಸಿಯ ನೀರು. ಆ ನೀರಿನಲ್ಲಿ ನಿಂತೂ ನಿಂತೂ ಹೊರಮೈಗೆ ತುಕ್ಕಿನ ಪದರ ಕಟ್ಟುತ್ತದೆ. ಪದರ ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ದಾಟಬಾರದು ಎಂಬುದು ಮಿತಿ. ದಾಟಿದರೆ ಕೊಳವೆ ಪೆಡಸಾಗುತ್ತದೆ, ಬಿರುಕು ಬಿಡಬಹುದು, ಒಳಗಿರುವುದು ಹೊರಗೆ ಬರಬಹುದು. ಇಷ್ಟು ವರ್ಷಗಳ ಫಾರಂಗಳಲ್ಲಿ ಕಂಡ ಅತಿ ಹೆಚ್ಚಿನ ಅಳತೆ ಅರವತ್ತೊಂದು. ಆದ್ದರಿಂದ ಇನ್ನೂ ಆರು ತಿಂಗಳು ಇಟ್ಟರೂ ಬೇಕಾದಷ್ಟು ಅಂತರ ಉಳಿಯುತ್ತದೆ ಎಂದು ಅವರ ವಾದ. ಗುರುವಾರ ಸಭೆ. ನನ್ನ ಸಹಿ ಒಂದು ಬಾಕಿ ಇತ್ತು.

ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ ಎದುರಿಗೆ ಕೂತು ಹಳೆಯ ಫಾರಂಗಳನ್ನು ತಿರುವುತ್ತಿದ್ದಳು.

“ಮೇಡಂ, ಒಂದ್ ನಿಮಿಷ. ಈ ಮೂಲೆ ಮನೆಗಳನ್ನ ನೋಡಿ. ಪಕ್ಕದ ಸರಳು ಐವತ್ತೆಂಟು, ಮೂಲೇದೂ ಐವತ್ತೆಂಟು. ಇಲ್ಲಿ ಪಕ್ಕದ್ದು ನಲವತ್ತೇಳು, ಮೂಲೇದೂ ನಲವತ್ತೇಳು.”

“ಅಕ್ಕಪಕ್ಕದ ಸರಳು. ಒಂದೇ ನೀರು, ಒಂದೇ ಬಿಸಿ. ಇನ್ನೇನು ಬರಬೇಕಿತ್ತು?”

“ನಲವತ್ತು ಕಂತೆ ನೋಡಿದೆ ಮೇಡಂ. ಒಂದೊಂದು ಕಂತೆಗೆ ನಾಲ್ಕು ಮೂಲೆ. ಒಂದರಲ್ಲೂ ಒಂದು ಮೈಕ್ರಾನ್ ವ್ಯತ್ಯಾಸ ಇಲ್ಲ.”

“ಮೊದಲು ಕೊಟ್ಟ ಕೆಲಸ ಮಾಡಮ್ಮ,” ಎಂದು ಗದರಿದೆ. ನನ್ನ ಕೋಪ ಸದಾ ಮೂಗಿನ ತುದಿಯಲ್ಲೇ. ಅವಳು ಮುಖ ಚಿಕ್ಕದು ಮಾಡಿಕೊಂಡು ಎದ್ದುಹೋದಳು.

ಅವಳು ಹೋದ ಮೇಲೆ ಫಾರಂಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಹತ್ತು ಹಾಳೆ ದಾಟುವಷ್ಟರಲ್ಲಿ ಅವಳು ಹೇಳಿದ್ದು ನಿಜವೆಂದು ಕಂಡಿತು. ನಿಜವಾಗಿ ಅಳೆದ ಸಂಖ್ಯೆಗಳು ಹಾಗೆ ಬರುವುದೇ ಇಲ್ಲ. ಒಂದೇ ಸರಳನ್ನು ಎರಡು ಸಲ ಅಳೆದರೂ ಒಂದೆರಡು ಮೈಕ್ರಾನ್ ಆಚೀಚೆ ಆಗುತ್ತದೆ. ಅದೂ ಅಲ್ಲದೆ ಮೂಲೆಯ ಸರಳಿನ ಸುತ್ತ ನೀರು ಹೆಚ್ಚು; ನೀರು ಹೆಚ್ಚಿದ್ದಲ್ಲಿ ಅಣುಕ್ರಿಯೆ ಚುರುಕು, ಶಾಖವೂ ತುಕ್ಕೂ ಹೆಚ್ಚು. ಇದು ನನಗೆ ಕಾಲೇಜಿನಿಂದ ಗೊತ್ತಿರುವ ವಿಷಯ. ಗೊತ್ತಿದ್ದೂ ಆ ಹುಡುಗಿಯ ಬಾಯಿ ಮುಚ್ಚಿಸಿದ್ದೆ.

ಹಾಳೆಯ ಕೆಳಗೆ ಎರಡು ಸಹಿ. ಅಳತೆ ಮಾಡಿದವರು ನನ್ನ ಭಾವ. ಪರಿಶೀಲಿಸಿದವಳು ನಾನು. ಹತ್ತಿರದ ನೆಂಟರ ಕಾಗದ ಪರಿಶೀಲಿಸಬಾರದೆಂಬ ನಿಯಮ ಬಂದದ್ದು ಈಚೆಗೆ. ಅಕ್ಕನ ಗಂಡ ಆ ಸ್ಥಾವರದ ಅಳತೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಪ್ಪ ತೀರಿಕೊಂಡಾಗ ನನಗೆ ಹದಿನಾರು. ನನ್ನನ್ನು ಎಂಜಿನಿಯರಿಂಗ್ ಓದಿಸಿದವರು ಅವರೇ.

ಮಂಗಳವಾರ ಸಂಜೆ ಅವರ ಮನೆಗೆ ಹೋದೆ. ಭಾವ ಊಟದ ಮೇಜಿನ ಮುಂದೆ ಕೂತು ಕುಕ್ಕರಿನ ಹಿಡಿಗೆ ಸ್ಕ್ರೂ ಬಿಗಿಮಾಡುತ್ತಿದ್ದರು. ಮೂಲೆಯ ಸರಳುಗಳ ಮಾತೆತ್ತಿದೆ. ಅವರು ಜೋರಾಗಿ ನಕ್ಕರು.

“ಅಯ್ಯೋ, ಅದಾ? ಅಳತೆ ಯಂತ್ರದ ತೋಳು ಮೂಲೆಗೆ ಹೋಗ್ತಾನೇ ಇರ್ಲಿಲ್ಲ ಕಣೇ. ಕಂತೆ ಹಿಡಿದಿರೋ ಕೊಕ್ಕೆ ಅಡ್ಡ ಬರ್ತಿತ್ತು. ಮೊದಲೆರಡು ಸಲ ಖಾಲಿ ಬಿಟ್ವಿ. ನೀನೇ ವಾಪಸ್ ಕಳಿಸ್ದೆ.”

“ನಾನಾ?”

“ಮತ್ತಿನ್ಯಾರು? ‘ಎಲ್ಲ ಮನೆ ತುಂಬಿ ಕಳಿಸಿ’ ಅಂತ ಕೆಂಪು ಶಾಯೀಲಿ ಬರೆದಿದ್ದೆ. ತುಂಬಿದ್ವಿ. ಪಕ್ಕದ್ದನ್ನೇ ಬರೆದ್ವಿ. ಆಮೇಲೆ ಒಂದ್ ಸಲಾನೂ ವಾಪಸ್ ಬರ್ಲಿಲ್ಲ ನೋಡು.”

“ಅಳೆಯೋಕೆ ಆಗ್ಲಿಲ್ಲ ಅಂತ ಹೇಳ್ಬಹುದಿತ್ತಲ್ಲ ಭಾವ?”

“ಹೇಳೋಕೆ ನಿನ್ನ ಫಾರಂನಲ್ಲಿ ಜಾಗ ಎಲ್ಲಿತ್ತು?”

ಅವರು ಕುತ್ತಿಗೆ ಪಟ್ಟಿ ಹಿಡಿದು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅರ್ಜಿಯ ವಿಷಯ ಹೇಳಿದೆ. ಅರವತ್ತೊಂದು ಎಂಬ ಸಂಖ್ಯೆಯನ್ನೇ ನಂಬಿಕೊಂಡು ಆರು ತಿಂಗಳು ಹೆಚ್ಚಿಸಲು ಹೊರಟಿದ್ದಾರೆ, ಮೂಲೆಯಲ್ಲಿ ಎಷ್ಟಿದೆಯೋ ದೇವರಿಗೇ ಗೊತ್ತು ಎಂದೆ. ಅವರ ನಗು ಇಳಿಯಿತು.

“ಗುರುವಾರ ಇದನ್ನ ಸಭೇಲಿ ಹೇಳ್ಲಾ ಭಾವ?”

ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು. “ನನ್ನ ಕೇಳ್ಬೇಡ. ಕೇಳಿದ್ರೆ ಬೇಡ ಅಂತೀನಿ. ಮೂವತ್ತು ವರ್ಷದಲ್ಲಿ ನನ್ನ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ.”

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಏನೇ, ನಿನ್ನನ್ನ ಓದಿಸಿದ್ದು ಇದಕ್ಕಾ?”

“ಅಕ್ಕಾ, ಪುಟ್ಟಿ ದಿನಾ ಕೂರೋದು ಆ ರಿಯಾಕ್ಟರಿನ ಮುಂದೇನೇ.”

ಪುಟ್ಟಿ ಅಕ್ಕನ ಒಬ್ಬಳೇ ಮಗಳು. ಎರಡು ವರ್ಷದಿಂದ ಅದೇ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಪಾಳಿಯ ಕೆಲಸ. ಅಲ್ಲೇ ಕಾಲೊನಿಯಲ್ಲಿ ವಾಸ. ಅಕ್ಕ ಒಲೆ ಆರಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬುಧವಾರ ಇಡೀ ದಿನ ಸಭೆಯ ಟಿಪ್ಪಣಿಗೇ ಹೋಯಿತು. ಅದನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ ‘ಮೂಲೆಯ ಅಳತೆಗಳ ಬಗ್ಗೆ ಹೆಚ್ಚಿನ ಸ್ಪಷ್ಟತೆ ಅಗತ್ಯ’ ಎಂದಿತ್ತು. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ನಾನು ನಗುತ್ತಿದ್ದೆ. ಹಾಗೆ ಬರೆದರೆ ಭಾವ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಸ್ಥಾವರದವರು ‘ಅಳತೆಗಳು ಸರಿಯಾಗಿವೆ’ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಭಾವನ ತಪ್ಪು ಇತ್ತು, ನನ್ನದು ಇರಲಿಲ್ಲ. ಅದನ್ನು ಓದಿ ನನಗೇ ನಾಚಿಕೆಯಾಯಿತು, ಹರಿದುಹಾಕಿದೆ. ಮೂರನೆಯದು ನಾಲ್ಕೇ ಸಾಲು, ಅದರಲ್ಲಿ ಇಬ್ಬರ ತಪ್ಪೂ ಇತ್ತು.

ಗುರುವಾರ ಸಭೆಯಲ್ಲಿ ಆ ನಾಲ್ಕು ಸಾಲು ಓದಿದೆ. ಓದಿ ಮುಗಿಸಿದಾಗ ಸ್ಥಾವರದ ಮ್ಯಾನೇಜರು ಕೈಯಲ್ಲಿದ್ದ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು.

“ಮೇಡಂ, ಆಗ ಅಳತೆ ವಿಭಾಗದಲ್ಲಿದ್ದಿದ್ದು ನಿಮ್ಮ ಭಾವ ಅಲ್ವಾ?”

“ಹೌದು. ಬರೆದಿದ್ದು ಭಾವ. ಬರೆಸಿದ್ದು ನಾನು.”

ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅರ್ಜಿಯನ್ನು ತಡೆಹಿಡಿಯಬೇಕು, ಮೂಲೆಯ ಸರಳುಗಳನ್ನು ಬೇರೆ ಸಾಧನ ತರಿಸಿ ಅಳೆಯಬೇಕು ಎಂದು ಬರೆಸಿದರು. ಇಂಧನ ಬದಲಿಸಲು ರಿಯಾಕ್ಟರನ್ನು ಆಗಷ್ಟೇ ನಿಲ್ಲಿಸಿದ್ದರು, ಕಂತೆಗಳನ್ನು ಹೊರತೆಗೆದು ನೀರಿನ ಕೊಳದಲ್ಲಿಟ್ಟಿದ್ದರು. ಅಷ್ಟರ ಮಟ್ಟಿಗೆ ಪುಣ್ಯ. ಭಾವನಿಗೆ ವಿಚಾರಣೆಯ ಪತ್ರ ಹೋಯಿತು. ನನಗೂ ಒಂದು ಬಂತು.

ಅಳೆದು ಮುಗಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅಕ್ಕ ನನ್ನ ಫೋನು ಎತ್ತಲಿಲ್ಲ. ಫೋನು ರಿಂಗಾದಾಗಲೆಲ್ಲ ನನಗೆ ಎರಡು ಭಯ: ಮೂಲೆಯಲ್ಲಿ ನೂರು ದಾಟಿರಬಹುದೆಂದು ಒಂದು, ಏನೂ ಇರದೆ ಸುಮ್ಮಸುಮ್ಮನೆ ಭಾವನ ಮಾನ ಹರಾಜು ಹಾಕಿದೆನೇ ಎಂದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಹೇಳಲಾರೆ. ಫಲಿತಾಂಶ ಬಂದ ದಿನ ಐದು ಗಂಟೆಗೆಲ್ಲ ಆಫೀಸು ಬಿಟ್ಟು ನೇರವಾಗಿ ಅವರ ಮನೆಗೆ ಹೋದೆ. ಅಕ್ಕ ಬಾಗಿಲು ತೆಗೆದಳು, ಬಾ ಎನ್ನಲಿಲ್ಲ. ಭಾವ ಮೇಜಿನ ಮೇಲೆ ವಿಚಾರಣೆಯ ಪತ್ರ ಹರವಿಕೊಂಡು ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ.

“ಮೂಲೇಲಿ ಎಷ್ಟು ಬಂತು?” ಎಂದರು.

“ತೊಂಬತ್ನಾಲ್ಕು.”

“ಆರೇ,” ಎಂದರು. “ನೂರಕ್ಕೆ ಆರೇ ಉಳಿದಿತ್ತಾ?”

ಇನ್ನಾರು ತಿಂಗಳು ಇಟ್ಟಿದ್ದರೆ ಅದೂ ಉಳಿಯುತ್ತಿರಲಿಲ್ಲ. ಅದನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾವ ಪತ್ರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಪುಟ್ಟಿಗೆ ತಾನೇ ಹೇಳುತ್ತೇನೆಂದು ಫೋನು ತೆಗೆದರು. ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

“ಪುಟ್ಟೀ, ಆ ಮೂಲೆ ಸರಳುಗಳನ್ನ ನಾನು ಅಳೀದೇ ಬರೆದಿದ್ದೆ ಕಣಮ್ಮ. ಮುಂದೆ ನೀನೇ ಅಲ್ಲಿ ಕೂತಿರ್ತೀಯ ಅಂತ ಆಗ ಯಾರು ಕಂಡಿದ್ರು…” ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

“ಅಪ್ಪಾ, ಅಳ್ಬೇಡಿ,” ಎಂದಳು ಪುಟ್ಟಿ. “ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ನೀವೊಬ್ರೇ ಅಲ್ಲ. ಕೈಗೆ ಸಿಗದ ಅಳತೆ ಇದ್ರೆ ನಾವೂ ಪಕ್ಕದ್ದನ್ನೇ ಬರೆಯೋದು. ಖಾಲಿ ಬಿಟ್ರೆ ಚಿಕ್ಕಮ್ಮನ ಆಫೀಸಿಂದ ತಿರುಗಿ ಬರುತ್ತೆ ಅಂತ ನಾನು ಸೇರಿದ ವಾರಾನೇ ಹೇಳಿಕೊಟ್ರು.”

ಭಾವ ತಲೆಯೆತ್ತಿ ನನ್ನ ಮುಖ ನೋಡಿದರು. ಅಕ್ಕನೂ ನೋಡಿದಳು. ನಾನು ಕೈ ಚಾಚಿ ಫೋನು ತೆಗೆದುಕೊಂಡೆ.

“ಪುಟ್ಟಿ, ಚಿಕ್ಕಮ್ಮ ಮಾತಾಡ್ತಿದೀನಿ. ಯಾವ್ಯಾವ ಫಾರಂ ಹೇಳು.”

ಆ ಕಡೆ ಅವಳ ಹಿಂದೆ ಯಾರೋ ಬಾಗಿಲು ಹಾಕಿದ ಸದ್ದಾಯಿತು.

“ನನ್ನ ಹೆಸರೂ ಬರುತ್ತಾ ಚಿಕ್ಕಮ್ಮ?”

ಇಲ್ಲ ಎಂದು ಹೇಳಲು ನಾಲಿಗೆ ಎಷ್ಟು ತುಡಿಯಿತೆಂದರೆ ಹಲ್ಲು ಕಚ್ಚಿ ಹಿಡಿಯಬೇಕಾಯಿತು. “ಬರುತ್ತೆ ಮಗಳೇ,” ಎಂದೆ. “ನನ್ನದೂ ಬರುತ್ತೆ.”

ಅವಳು ಒಂದೊಂದಾಗಿ ಹೇಳತೊಡಗಿದಳು: ಪಂಪುಗಳು, ವಾಲ್ವುಗಳು, ನೀರಿನ ಮಟ್ಟ, ತಂತಿಗಳು. ಭಾವನ ವಿಚಾರಣೆಯ ಪತ್ರವನ್ನು ಮಗುಚಿ ಅದರ ಬೆನ್ನಿಗೇ ಬರೆದುಕೊಳ್ಳುತ್ತಾ ಹೋದೆ. ಅದು ತುಂಬಿಹೋಯಿತು. ಅಕ್ಕ ಕೋಣೆಗೆ ಹೋಗಿ, ಇನ್ನಷ್ಟು ಹಾಳೆಗಳನ್ನು ತಂದು ನನ್ನ ಪಕ್ಕದಲ್ಲಿಟ್ಟಳು.